ಅಚ್ಚು ಗಟ್ಟಿಯಾಗುವವರೆಗೆ

ಸೋಮವಾರಪೇಟೆಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಇದ್ದೇನೆ. ಚೀಟಿ ಬರೆಯುವುದು, ಬಾಯಿಯ ಅಚ್ಚು ತೆಗೆಯುವ ಪೇಸ್ಟ್ ಕಲಸುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು, ಎಲ್ಲ ನನ್ನದೇ. ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಕಟ್ಟುತ್ತಿದ್ದವರು ಸಾಂತಪ್ಪಣ್ಣ. ಸಂತೆಯ ದಿನ ಕೊಡ್ಲಿಪೇಟೆ ಬಸ್ಸಿನಿಂದ ಇಳಿದು ಬರುವ ಮುದುಕರು ಡಾಕ್ಟರನ್ನು ಕೇಳುತ್ತಿರಲಿಲ್ಲ, ಸಾಂತಪ್ಪ ಇದ್ದಾರಾ ಎಂದೇ ಕೇಳುತ್ತಿದ್ದರು.

ಅವರು ಅಳತೆ ತೆಗೆಯುವ ಕ್ರಮವೇ ಬೇರೆ. ಪೇಸ್ಟ್ ತುಂಬಿದ ಟ್ರೇ ಬಾಯಿಗಿಟ್ಟ ಮೇಲೆ ಬೇರೆಯವರು ಅಲ್ಲಾಡಬೇಡಿ ಎನ್ನುತ್ತಾರೆ. ಇವರು, "ಮನೇವ್ರ ಹೆಸ್ರೆಲ್ಲ ಹೇಳಿ ನೋಡಣ" ಎನ್ನುತ್ತಿದ್ದರು. ತುಟಿ, ಕೆನ್ನೆ, ನಾಲಿಗೆ ಆಡಿದಂತೆ ಪೇಸ್ಟಿನ ಅಂಚು ಹೊಂದಿಕೊಂಡು ಗಟ್ಟಿಯಾಗುತ್ತದೆ. ಅಂಥ ಸೆಟ್ಟು ಮಾತಾಡಿದರೆ ವಸಡು ಬಿಟ್ಟು ಏಳುವುದಿಲ್ಲ. ಸಂಪಾಜೆಯ ಬೊಳ್ಳಮ್ಮಜ್ಜಿ ಬಾಯಿ ತುಂಬ ಪೇಸ್ಟ್ ಇಟ್ಟುಕೊಂಡು ಹನ್ನೊಂದು ಮೊಮ್ಮಕ್ಕಳ ಹೆಸರು ಗೊಣಗಿ, ಹನ್ನೆರಡನೆಯದು ನೆನಪಾಗದೆ ಅತ್ತೇಬಿಟ್ಟಿದ್ದರು. ಆ ಅಚ್ಚುಗಳಲ್ಲಿ ಎರೆದ ಪ್ಲಾಸ್ಟರ್ ಬಾಯಿಗಳೆಲ್ಲ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತಿದ್ದವು, ಒಂದೊಂದರ ಅಡಿಯಲ್ಲೂ ಪೆನ್ಸಿಲಿನಲ್ಲಿ ಊರು, ಹೆಸರು. ಅಯ್ಯೋ, ಆ ಕೋಣೆಯ ಧೂಳಿಗೆ ನಾನು ಎಷ್ಟು ಬೈದಿಲ್ಲ! ಈಗ ಆ ಧೂಳೂ ಬೇಕೆನಿಸುತ್ತದೆ.

ಮೂರು ವರ್ಷದ ಹಿಂದೆ ದೊಡ್ಡ ಡಾಕ್ಟರ ಮಗ ದಿಗಂತ್ ಸ್ಕ್ಯಾನರ್ ತಂದ. ಬಾಯೊಳಗೆ ಕಡ್ಡಿಯಂಥದ್ದನ್ನು ಆಡಿಸಿದರೆ ಹಲ್ಲೆಲ್ಲ ಪರದೆಯ ಮೇಲೆ ಮೂಡುತ್ತವೆ. ಸುಳ್ಳು ಯಾಕೆ ಹೇಳಲಿ, ಮೆಷೀನು ಒಳ್ಳೆಯದೇ. ಒಂದೆರಡು ಹಲ್ಲಿನ ಕ್ಯಾಪು ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂರುತ್ತದೆ, ಪೇಸ್ಟಿನಿಂದ ಆಗುವಂತೆ ಯಾರಿಗೂ ವಾಂತಿ ಬರುವುದಿಲ್ಲ. ಅಳತೆ ಕಂಪ್ಯೂಟರಿನಲ್ಲಿ ಮೈಸೂರಿಗೆ ಹೋಗುತ್ತದೆ, ಹಲ್ಲು ಕೊರಿಯರಿನಲ್ಲಿ ಬರುತ್ತದೆ. ಸಾಂತಪ್ಪಣ್ಣನಿಗೆ ಕೆಲಸವಿಲ್ಲವಾಯಿತು. ವಯಸ್ಸಿಗೆ ಕೈಯೂ ನಡುಗತೊಡಗಿತ್ತು, ಕೆಲಸ ಬಿಟ್ಟು ಹೊರಟುಹೋದರು. ಅವರಿಗೆ ಮದುವೆಯಾಗಿರಲಿಲ್ಲ; ಮನೆಯೆಂದರೆ ಬಸ್‌ಸ್ಟ್ಯಾಂಡ್ ಹಿಂದಿನ ಬಾಡಿಗೆ ಕೋಣೆ.

ಈ ವರ್ಷ ಅವರು ಚಹಾದಂಗಡಿಗೂ ಬರುತ್ತಿಲ್ಲವೆಂದು ಕೇಳಿ ನೋಡಲು ಹೋದೆ. ಬಾಯಿಗೆ ಟವೆಲು ಅಡ್ಡ ಹಿಡಿದು ಬಾಗಿಲು ತೆಗೆದರು. ಒಂದು ಹಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಹಲ್ಲು ಕಟ್ಟಿದ ಮನುಷ್ಯ ತನ್ನ ಬೊಚ್ಚುಬಾಯಿ ತೋರಿಸಲು ನಾಚಿ ಮಾತನ್ನೇ ಬಿಟ್ಟಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಕೈ ಹಿಡಿದು ಎಳೆದುಕೊಂಡೇ ಬಂದೆ.

ದಿಗಂತ್ ಅಕ್ಕರೆಯಿಂದಲೇ ಸ್ಕ್ಯಾನ್ ಮಾಡಿದ. ಬಂದ ಸೆಟ್ಟು ಸುಮ್ಮನಿದ್ದರೆ ಕೂರುತ್ತಿತ್ತು, ಮಾತಾಡಿದರೆ ಕೆಳಗಿನದು ಎದ್ದು ಕುಣಿಯುತ್ತಿತ್ತು. ಮತ್ತೊಮ್ಮೆ ಮಾಡಿಸಿದ, ಅದೂ ಹಾಗೇ.

"ಹಲ್ಲಿದ್ರೆ ಮೆಷೀನಿಗೆ ಗುರ್ತು ಸಿಗ್ತದೆ ಗೋಮತಕ್ಕ," ಎಂದ ಅವನು ತಲೆ ತಗ್ಗಿಸಿ. "ಬರೀ ವಸಡು ಒದ್ದೆ, ನುಣುಪು. ಈ ತುದಿಯಿಂದ ಆ ತುದಿಗೆ ಹೋಗೋದ್ರೊಳಗೆ ದಾರಿ ತಪ್ತದೆ. ಕೆನ್ನೆ ಹೇಗೆ ಆಡ್ತದೆ ಅನ್ನೋದಂತೂ ಅದಕ್ಕೆ ಗೊತ್ತೇ ಆಗಲ್ಲ."

ಸಾಂತಪ್ಪಣ್ಣ ಟವೆಲು ಎತ್ತಿಕೊಂಡು ಎದ್ದರು. ಈಗ ಹೋದರೆ ಈ ಮನುಷ್ಯ ಇನ್ನು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಾಯಿತು. ಕೂರಿ ಎಂದು ಗದರಿ, ಹಿಂದಿನ ಥರದ ಪೇಸ್ಟ್ ಕಲಸಿದೆ. ದಿಗಂತ್ ಟ್ರೇ ಹಿಡಿದ. ನಾನು ಅಭ್ಯಾಸಬಲದಿಂದ, ಮನೆಯವರ ಹೆಸರೆಲ್ಲ ಹೇಳಿ ನೋಡಣ ಎಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. ಮಂಕೇ, ಅವರಿಗೆ ಯಾರಿದ್ದಾರೆ ಎಂದು ನನ್ನ ತಲೆಯನ್ನೇ ಚಚ್ಚಿಕೊಳ್ಳಬೇಕೆನಿಸಿತು. ಪೇಸ್ಟ್ ಬಿಗಿಯುತ್ತಿತ್ತು.

"ಯಾರ್ದಾದ್ರೂ ಹೇಳಿ ಸಾಂತಪ್ಪಣ್ಣ, ಗಟ್ಟಿಯಾಗ್ತಾ ಇದೆ!"

ಆಗ ಗಂಟಲಿನಿಂದ ಮೆಲ್ಲಗೆ ಒಂದೊಂದೇ ಹೆಸರು ಹೊರಟಿತು. ಕೊಡ್ಲಿಪೇಟೆ ಬೋಜಪ್ಪ. ಸಂಪಾಜೆ ಬೊಳ್ಳಮ್ಮ. ಬಸ್ಸಿನ ನಾಗಾರ್ಜುನ. ಅಸ್ಪಷ್ಟವಾಗಿದ್ದರೂ ನನಗೆ ಒಂದೊಂದೂ ಗೊತ್ತಾಯಿತು, ಕಪಾಟಿನಲ್ಲಿದ್ದ ಪ್ಲಾಸ್ಟರ್ ಬಾಯಿಗಳ ಸಾಲನ್ನು ಅವರು ಎಡದಿಂದ ಹೇಳುತ್ತಿದ್ದರು. ಅರ್ಧ ಜನ ಈಗಿಲ್ಲ. ಸಾಲು ಮುಗಿದ ಮೇಲೆ ಇನ್ನೊಂದು ಹೆಸರು ಬಂತು, ಗೋಮತಿ. ನನ್ನ ಕಣ್ಣು ತುಂಬಿ ಟ್ರೇಯೇ ಕಾಣದಾಯಿತು.

ದಿಗಂತ್ ಆ ಅಚ್ಚನ್ನೇ ಸ್ಕ್ಯಾನ್ ಮಾಡಿ ಕಳಿಸಿದ. ಹತ್ತು ದಿನಕ್ಕೆ ಬಂದ ಸೆಟ್ಟು ಹಾಕಿಕೊಂಡು ಸಾಂತಪ್ಪಣ್ಣ, ಚಹಾ ಕುಡೀತೀಯಾ ಗೋಮತಮ್ಮ ಎಂದರು. ಸೆಟ್ಟು ಏಳಲಿಲ್ಲ. ಟವೆಲನ್ನು ಕುರ್ಚಿಯ ಮೇಲೆಯೇ ಮರೆತು ಮೆಟ್ಟಿಲಿಳಿದರು.

ಅವತ್ತು ಅವರು ಅಷ್ಟೊಂದು ಯಾರ ಹೆಸರು ಹೇಳಿದ್ದು ಎಂದು ದಿಗಂತ್ ಕೇಳಿದ.

"ಮನೇವ್ರದ್ದು ಕಣಪ್ಪ," ಎಂದೆ.