ದ್ರಾಕ್ಷಾಯಿಣಿ ಅಕ್ಕೋರ ಗೋಡೆಯಿಲ್ಲದ ಬಾಗಿಲು

ಬೇವಿನ ಕಟ್ಟಿಗೆ ಮೂರು ಸಾವಿರದ ಇನ್ನೂರು, ಕದ ತಿರುಗುವ ಬಿಜಾಗ್ರಿ ಮುನ್ನೂರ ಅರವತ್ತು, ಚಿಲಕ ನೂರಾ ನಲವತ್ತು, ಮಜೂರಿ ಸಾವಿರದ ಎಂಟುನೂರು, ಕಾರಾಗೃಹದವರೆಗೆ ಟೆಂಪೊ ಬಾಡಿಗೆ ಏಳುನೂರು. ಒಟ್ಟು ಆರು ಸಾವಿರದ ಇನ್ನೂರು. ಗೋಡೆಗೆ ಕೂಡಿಸುವ ಖರ್ಚು ಇರಲಿಲ್ಲ, ಏಕೆಂದರೆ ಆ ಬಾಗಿಲಿಗೆ ಗೋಡೆಯೇ ಇರಲಿಲ್ಲ. ಈ ಹಣವನ್ನು ತಮ್ಮ ಸಂಬಳದಿಂದ ಕೊಟ್ಟವರು, ಕಾರಾಗೃಹದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ ದ್ರಾಕ್ಷಾಯಿಣಿ ಅಕ್ಕೋರು.

ಬಂದಿಗಳಿಗೆ ಅಕ್ಷರ ಕಲಿಸಿದವರು ನಮ್ಮ ನಾಡಿನಲ್ಲಿ ಹಲವರಿದ್ದಾರೆ. ಬಿಡುಗಡೆಯಾದ ಮರುದಿನ ಅವರು ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಊರೂರು ತಿರುಗಿ ವಿಚಾರಿಸಿದವರು ಕಡಿಮೆ. ಅಕ್ಕೋರು ಆ ಕಡಿಮೆಯವರಲ್ಲಿ ಒಬ್ಬರು. ಇಂಥ ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ದೇವರಾಗಿಬಿಡುತ್ತಾರೆ ಎಂಬ ಸಂಶಯ ನನಗೆ ಮೊದಲಿನಿಂದಲೂ ಇದೆ. ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಬಡಿಗತನದ ಕಾರ್ಖಾನೆ ಇದೆ. ಆರು ವರ್ಷದ ಹಿಂದೆ ಅಕ್ಕೋರು ಅಲ್ಲಿಗೆ ಬಂದು, ತಮ್ಮ ಕಡೆಯ ಒಬ್ಬನಿಗೆ ಕೆಲಸ ಕೊಡಬೇಕೆಂದು ಕೇಳಿದರು. ಅವನ ಹೆಸರು ಬೀರಲಿಂಗ, ಊರು ಹುಬ್ಬಳ್ಳಿ ಹತ್ತಿರದ ಸುಳ್ಳ. ಹೊಲದ ಬದುವಿನ ಜಗಳದಲ್ಲಿ ಅವನ ಕೈಯಿಂದ ಒಂದು ಜೀವ ಹೋಗಿತ್ತು. ಹನ್ನೊಂದು ವರ್ಷ ಒಳಗಿದ್ದು, ಅಲ್ಲೇ ಬಡಿಗತನ ಕಲಿತಿದ್ದ. ಇದನ್ನೆಲ್ಲ ಅಕ್ಕೋರು ಮೊದಲ ಮಾತಿನಲ್ಲೇ ಹೇಳಿಬಿಟ್ಟದ್ದು ನನಗೆ ವಿಚಿತ್ರವೆನಿಸಿತು. ಮಾರುವವನು ತನ್ನ ಕಟ್ಟಿಗೆಯಲ್ಲಿರುವ ಗಂಟಿನ ದೋಷವನ್ನು ತಾನೇ ತೋರಿಸಿದರೆ ಕೊಳ್ಳುವವನಿಗೆ ಅನುಮಾನ ಬರದೆ ಇರುತ್ತದೆಯೇ? ಮೇಲಾಗಿ ಅಕ್ಕೋರು ನಾನು ಮಾಡಿಸಿದ ಚಹಾ ಮುಟ್ಟಲಿಲ್ಲ. ಚಹಾ ಕುಡಿಯದೆ ಉಪಕಾರ ಕೇಳುವವರಿಗೆ ಬೇರೆ ಏನೋ ಲಾಭವಿರಬೇಕೆಂದು ಮನೆಯಲ್ಲಿ ಹೇಳಿದೆ.

"ಚಹಾ ಕುಡೀಲಿಲ್ಲಂದ್ರ ಕಳ್ರೇನು? ನಿಮ್ಮ ಕಾರ್ಖಾನಿ ಚಹಾ ಹಂಗ ಇರ್ತೈತಿ," ಎಂದಳು ನನ್ನ ಹೆಂಡತಿ ಶಹಜಹಾನಬೇಗಂ. ಅಕ್ಕೋರಿಗೆ ಸಕ್ಕರೆ ಕಾಯಿಲೆ ಇತ್ತೆಂಬುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಕೆಲಸಗಾರರ ಕೊರತೆ ಇದ್ದುದರಿಂದ ಬೀರಲಿಂಗನನ್ನು ಇಟ್ಟುಕೊಂಡೆ. ಅವನಿಗೆ ಈ ಕೆಲಸ ಬರೀ ಕೂಲಿಯ ಮಾತಾಗಿರಲಿಲ್ಲ. ಸುಳ್ಳದಲ್ಲಿ ಅವನ ತಾಯಿ ಮಾಳವ್ವ ಇದ್ದಳು. ಮನೆ ನಡೆಸುತ್ತಿದ್ದವನು ಅಣ್ಣ ಹುಚ್ಚಪ್ಪ. ಒಂದೇ ಕಡೆ ದೀಪಾವಳಿಯವರೆಗೆ ತಕರಾರಿಲ್ಲದೆ ದುಡಿದರೆ ಮಾತ್ರ ಮನೆಗೆ ಬರಲಿ, ಇಲ್ಲದಿದ್ದರೆ ಊರಿನ ಕಡೆ ಮುಖ ಹಾಕುವುದು ಬೇಡ ಎಂದು ಹುಚ್ಚಪ್ಪ ಹೇಳಿ ಕಳಿಸಿದ್ದ. ಅಷ್ಟಕ್ಕೆ ಒಪ್ಪಿಸಲೂ ಅಕ್ಕೋರು ಸಪ್ತಾಪುರದ ತಮ್ಮ ಮನೆಯಿಂದ ಬಸ್ಸು ಬದಲಿಸಿಕೊಂಡು ಸುಳ್ಳಕ್ಕೆ ಹಲವು ಸಲ ಹೋಗಬೇಕಾಗಿತ್ತು.

ಶ್ರಾವಣದ ಒಂದು ಶುಕ್ರವಾರ ನಮಾಜು ಮುಗಿಸಿ ಬಂದಾಗ, ಬೀರಲಿಂಗ ಉಗ್ರಾಣದ ಬಾಗಿಲಿಗೆ ಮುಖ ಮಾಡಿ ಅಲುಗಾಡದೆ ನಿಂತಿದ್ದ. ಕಣ್ಣು ಚಿಲಕದ ಮೇಲಿತ್ತು. ನಾನು ಕೆಮ್ಮಿದೆ, ಅವನು ಸರಿದು ಹೋದ. ಮರುವಾರವೂ ಹಾಗೆಯೇ ಕಂಡ. ಉಗ್ರಾಣದಲ್ಲಿ ಹಿತ್ತಾಳೆಯ ಸಾಮಾನು ಇರುತ್ತದೆ. ಆ ವಾರ ಗಿರಾಕಿಯೊಬ್ಬರಿಗಾಗಿ ತಂದಿಟ್ಟ ಒಂದು ಜೋಡಿ ಹಿತ್ತಾಳೆ ಬಿಜಾಗ್ರಿ ಕಾಣೆಯಾದವು. ಅಕ್ಕೋರಿಗೆ ಫೋನು ಮಾಡಿ, ನಿಮ್ಮ ಮನುಷ್ಯನನ್ನು ನೀವೇ ಕರೆದುಕೊಂಡು ಹೋಗಿ ಎಂದೆ.

ಅವರು ಅಂದೇ ಸಂಜೆ ಬಂದರು. ಅವನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. "ಗುಲಾಬಸಾಬ್ರ, ಸಂಶೇ ಪಡಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ನಾನೂ ಪಡತೇನಿ. ಆದ್ರ ಅವನ ಹಿಂದ ಪಡಬ್ಯಾಡ್ರಿ, ಅವನ ಮುಂದ ಪಡ್ರಿ," ಎಂದರು.

ಬೀರಲಿಂಗನನ್ನು ಕರೆಸಿ, ಉಗ್ರಾಣದ ಮುಂದೆ ಯಾಕೆ ನಿಲ್ಲುತ್ತೀ ಎಂದು ನೇರವಾಗಿ ಕೇಳಿದೆ. ಕಟ್ಟಿಗೆ ಅಂಟಿಸುವ ಸರೇಸು ತರಲು ನಾವೇ ಕಳಿಸಿದ್ದೆವೆಂದು ಅವನು ನೆನಪಿಸಿದ. ಅದು ನಿಜವಿತ್ತು.

"ಮತ್ತ ಒಳಗ ಹೋಗಿ ತರಬೇಕಿಲ್ಲ?"

"ಬಾಗಲಾ ಮುಚ್ಚಿತ್ತರಿ, ಮಾಲಕ್ರ. ತಗ್ಯಾವ್ರು ಬರ್ತಾರಂತ ನಿಂತಿದ್ನಿ."

"ಯಾರ ಬರ್ತಾರ? ಕೀಲಿ ಹಾಕಿಲ್ಲ, ಚಿಲಕ ಅಷ್ಟ ಐತಿ."

ಅವನು ಹೇಳಿದ್ದನ್ನು ನಾನು ನಂಬಲಿಲ್ಲ. ಆದರೆ ಅಕ್ಕೋರು, ಏನೋ ಹೊಳೆದವರಂತೆ, ಕಟ್ಟಿಗೆ ಪಟ್ಟಿಗಳ ರಾಶಿಯ ಮೇಲೆ ಕುಳಿತುಬಿಟ್ಟರು. ಹನ್ನೊಂದು ವರ್ಷ ಅವನ ಕೈ ಒಂದು ಬಾಗಿಲನ್ನೂ ತೆರೆದಿರಲಿಲ್ಲ. ಪ್ರತಿ ಬಾಗಿಲನ್ನು ಇನ್ನೊಬ್ಬರು ತೆರೆದಿದ್ದರು, ಇನ್ನೊಬ್ಬರು ಮುಚ್ಚಿದ್ದರು. ಬ್ಯಾಂಕಿನ ಚೀಟಿ ತುಂಬುವುದು, ಮೊಬೈಲಿನಲ್ಲಿ ಹಣ ಕಳಿಸುವುದು, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವುದು, ಇವನ್ನೆಲ್ಲ ಅಕ್ಕೋರು ಕಲಿಸಿದ್ದರು. ಇದು ಅವರ ಪಾಠದಲ್ಲಿ ಬಿಟ್ಟುಹೋಗಿತ್ತು.

"ನನಗೊಂದು ಬಾಗಲಾ ಮಾಡಿಕೊಡ್ರಿ. ಇವನ ಕೈಲೇ ಮಾಡಸ್ರಿ," ಎಂದರು.

ತಾನಾಗಿ ನಿಲ್ಲುವಂತೆ ಚೌಕಟ್ಟಿಗೆ ಅಗಲವಾದ ಪಾದ ಕೊಟ್ಟು ಬೀರಲಿಂಗನೇ ಅದನ್ನು ಮಾಡಿದ. ಕಾರಾಗೃಹದ ಗೇಟಿನಲ್ಲಿ ಕಾವಲಿನವರು ಚೌಕಟ್ಟನ್ನು ಬಡಿದು, ಒಳಗೆ ಪೊಳ್ಳಿದೆಯೇ ಎಂದು ಕಿವಿಯಿಟ್ಟು ಕೇಳಿದರು. ಅವರ ಎಚ್ಚರಿಕೆ ನನಗೆ ಹಿಡಿಸಿತು. ತರಗತಿಯ ನಡುವೆ ಬಾಗಿಲು ನಿಂತಾಗ ಒಬ್ಬ, "ಅಕ್ಕೋರ, ಗ್ವಾಡಿ ಮರತ ಬಂದೀರೇನ?" ಎಂದ. ಎಲ್ಲರೂ ನಕ್ಕರು. ಆದರೂ ಬಿಡುಗಡೆ ಹತ್ತಿರವಾದವರು ದಿನವೂ ಚಿಲಕ ಸರಿಸಿ, ದಾಟಿ, ತಿರುಗಿ ಹಾಕಿ ತಮ್ಮ ಜಾಗದಲ್ಲಿ ಕೂರಬೇಕೆಂದು ಅಕ್ಕೋರು ಪದ್ಧತಿ ಮಾಡಿದರು. ಪಕ್ಕದಿಂದ ನಡೆದು ಬಂದವರನ್ನು ಹಿಂದೆ ಕಳಿಸುತ್ತಿದ್ದರು.

ಬೀರಲಿಂಗನಿಗೆ ಈ ಅಭ್ಯಾಸ ನನ್ನ ಕಾರ್ಖಾನೆಯಲ್ಲೇ ನಡೆಯಿತು. ಅವನ ಮುಂದೆ ತೆರೆದ ಬಾಗಿಲು ಇಡಬಾರದೆಂದು ಅಕ್ಕೋರ ಅಪ್ಪಣೆ. ಅವನು ನಿಂತಲ್ಲಿ ನಾನೂ ಏನನ್ನೂ ಹೇಳದೆ ಕಾಯುತ್ತಿದ್ದೆ. ಹಾಗೆ ಕಾಯುವಾಗಲೂ ಒಂದು ಕಣ್ಣು ಉಗ್ರಾಣದ ಸಾಮಾನಿನ ಮೇಲೆಯೇ ಇತ್ತು.

ದೀಪಾವಳಿ ಪಾಡ್ಯದ ಬೆಳಿಗ್ಗೆ ಮೂವರೂ ಸುಳ್ಳಕ್ಕೆ ಹೋದೆವು. ಮನೆಯ ಬಾಗಿಲು ಮುಚ್ಚಿತ್ತು; ಒಳಗಿಂದಲೂ ಹೊರಗಿಂದಲೂ ಸರಿಸಬಹುದಾದ ಚಿಲಕ ಅದಕ್ಕಿತ್ತು. ಹುಚ್ಚಪ್ಪ ಎದುರಿನ ಕಟ್ಟೆಯ ಮೇಲೆ ನಾಲ್ಕು ಜನರೊಡನೆ ಕುಳಿತು ನೋಡುತ್ತಿದ್ದ. ಏಳಲಿಲ್ಲ, ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬೀರಲಿಂಗ ಬಾಗಿಲ ಮುಂದೆ ನಿಂತ. ಉಗ್ರಾಣದ ಮುಂದೆ ನಿಂತಂತೆಯೇ ನಿಂತ. ನಾನು ಒಳಗಿನವರನ್ನು ಕೂಗಲು ಬಾಯಿ ತೆರೆದೆ. "ಸುಮ್ನಿರ್ರಿ," ಎಂದರು ಅಕ್ಕೋರು, ಬಹಳ ಸಣ್ಣಗೆ. ಅವರ ಮುಖ ಬಿಳಚಿಕೊಂಡಿತ್ತು. ಅವನು ಅಲ್ಲಿಂದ ತಿರುಗಿ ಹೋದರೆ ಇನ್ನೊಮ್ಮೆ ಬರುವವನಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಚಿಲಕ ಸರಿಸಿ ಬಾಗಿಲು ನೂಕಿದ.

ಒಳಗೆ ಒಲೆಯ ಮುಂದಿದ್ದ ಮಾಳವ್ವ ಅವನತ್ತ ತಿರುಗಿ ನೋಡಿದಳು. "ಬಂದೇನಪಾ? ಬಾಗಲಾ ಹಾಕ್ಕೊ, ನಾಯಿ ಒಳಗ ಬರ್ತೈತಿ," ಎಂದಳು.

ಅವನು ಬಾಗಿಲು ಹಾಕಿಕೊಂಡ. ನಾವು ಹೊರಗೇ ಉಳಿದೆವು. ಸ್ವಲ್ಪ ಹೊತ್ತಿಗೆ ಹುಚ್ಚಪ್ಪ ಕಟ್ಟೆಯಿಂದ ಇಳಿದು ಬಂದು, ಚಹಾ ಆಗಲಿ ಎಂದ. ಅಕ್ಕೋರು ಅಂದು ಸಕ್ಕರೆ ಹಾಕಿದ ಚಹಾವನ್ನೇ ಪೂರ್ತಿ ಕುಡಿದರು.

ಬೀರಲಿಂಗ ಈಗ ಸುಳ್ಳದಲ್ಲಿಯೇ ಸ್ವಂತ ಬಡಿಗತನ ಮಾಡುತ್ತಾನೆ. ಗೋಡೆಯಿಲ್ಲದ ಬಾಗಿಲು ಕಾರಾಗೃಹದ ಶಾಲೆಯಲ್ಲಿ ಇನ್ನೂ ನಿಂತಿದೆ, ವರ್ಷಕ್ಕೊಮ್ಮೆ ಅದರ ಬಿಜಾಗ್ರಿಗೆ ಎಣ್ಣೆ ಬಿಡುವುದು ನನ್ನ ಕೆಲಸ. ಅಕ್ಕೋರಿಗೆ ಆಯುಸ್ಸೂ ಆರೋಗ್ಯವೂ ತುಂಬಿ ಬರಲಿ. ಆದರೆ ಅವರು ಸಪ್ತಾಪುರದ ಮನೆಯಲ್ಲಿ ಸುಮ್ಮನೆ ಕೂರುತ್ತಾರೆಂಬುದನ್ನು ನಾನು ನಂಬುವುದಿಲ್ಲ. ಮುಂದಿನ ವಾರವೇ ಯಾರನ್ನೋ ಕರೆದುಕೊಂಡು ನನ್ನ ಕಾರ್ಖಾನೆಗೆ ಬರುತ್ತಾರೆ, ಬರಲಿ. ಸಕ್ಕರೆಯಿಲ್ಲದ ಚಹಾ ಮಾಡಿಸಿ ಇಟ್ಟಿರುತ್ತೇನೆ.

ಆ ಹಿತ್ತಾಳೆ ಬಿಜಾಗ್ರಿಗಳು ಇಂದಿಗೂ ಸಿಕ್ಕಿಲ್ಲ. ಯಾರು ಒಯ್ದರೋ ತಿಳಿಯದು, ಬೀರಲಿಂಗ ಒಯ್ದಿಲ್ಲವೆಂದು ನಾನು ಆಣೆ ಮಾಡಲಾರೆ. ನನಗೆ ಹೋದದ್ದು ಒಂದು ಜೋಡಿ ಬಿಜಾಗ್ರಿ ಮತ್ತು ಒಬ್ಬ ಒಳ್ಳೆಯ ಬಡಿಗ. ಮಾಳವ್ವನಿಗೆ ಮಗ ಬಂದ.