ಒಂದೇ ಜೊತೆ ಸೆಲ್

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ನ್ಯಾಮತಿಯ ನಮ್ಮ ಮನೆಯಲ್ಲಿ ದೊಡ್ಡಮ್ಮ ದೆವ್ವದ ಕತೆ ತೆಗೆದರೆ, "ನೀನೇ ಕಂಡ್ಯಾ, ಯಾರಾದ್ರೂ ಹೇಳಿದ್ದಾ?" ಎಂದು ಅಡ್ಡಪ್ರಶ್ನೆ ಹಾಕಿ ಅವಳ ಉತ್ಸಾಹ ಇಳಿಸುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಆ ಅಭ್ಯಾಸ ಇನ್ನಷ್ಟು ಗಟ್ಟಿಯಾಯಿತು. ಈಗ ಬರೆಯುತ್ತಿರುವುದನ್ನೂ ನಂಬಿ ಎಂದು ನಾನು ಕೇಳುವುದಿಲ್ಲ. ನನ್ನ ನೆನಪಿನ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ.

ಕೆಲವು ವರ್ಷಗಳ ಹಿಂದೆ, ಜಗಳೂರು ತಾಲ್ಲೂಕಿನ ಬಿಳಿಚೋಡಿನ ಆಚೆ, ಕುರುಚಲು ಕಾಡಿನಲ್ಲಿ ಕುರಿಗಳು ಏನೇನು ಮೇಯುತ್ತವೆ ಎಂದು ಅಧ್ಯಯನ ಮಾಡುತ್ತಿದ್ದೆ. ಕುರಿಗಾಹಿ ಕರಿಬಸಪ್ಪನವರ ಹಿಂಡಿನ ಹಿಂದೆ ದಿನವಿಡೀ ನಡೆಯುವ ಕೆಲಸ. ಅಲ್ಲಿ ಕರೆಂಟಿಲ್ಲ, ತಗ್ಗಿಗೆ ಇಳಿದರೆ ಫೋನಿಗೆ ಸಿಗ್ನಲ್ಲೂ ಇಲ್ಲ. ಹಾಗಾಗಿ ಸಲಕರಣೆ ಆರಿಸುವಾಗ ಒಂದೇ ನಿಯಮ ಇಟ್ಟುಕೊಂಡೆ. ಟಾರ್ಚ್, ದಾರಿ ಗುರುತಿಸುವ ಜಿಪಿಎಸ್, ಬೇಸರ ಕಳೆಯಲು ಅಂಗೈಯಗಲದ ರೇಡಿಯೋ, ಮೂರೂ ಒಂದೇ ಬಗೆಯ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯಬೇಕು. ಒಂದರದು ಮುಗಿದರೆ ಇನ್ನೊಂದರದನ್ನು ತೆಗೆದು ಹಾಕಬಹುದು. ಚನ್ನಗಿರಿಯ ಅಂಗಡಿಯವನು ಗೇಲಿ ಮಾಡಿದ್ದ: "ಊರೆಲ್ಲಾ ಚಾರ್ಜಿಂಗ್ ಮಾಲು ಕೇಳಿದ್ರೆ ನೀವು ಸೆಲ್ಲಿಂದು ಕೇಳ್ತೀರಲ್ರೀ ಸಾರ್! ನಮ್ಮಪ್ಪನ ಮದುವಿಗೆ ಕೊಟ್ಟಿದ್ದು ಇಂಥದ್ದೇ ರೇಡಿಯೋ."

ಕರಿಬಸಪ್ಪನವರಿಗೆ ಮಾತ್ರ ಆ ರೇಡಿಯೋ ಬಹಳ ಹಿಡಿಸಿತು. ಸಂಜೆಯಾದರೆ ಅದನ್ನು ಕುರಿದೊಡ್ಡಿಯ ಗೂಟಕ್ಕೆ ನೇತುಹಾಕಿ ಜೋರಾಗಿ ಹಚ್ಚುತ್ತಿದ್ದರು. ಮನುಷ್ಯರ ಮಾತು ಕೇಳುತ್ತಿರುವಷ್ಟು ಹೊತ್ತು ತೋಳ ಹತ್ತಿರ ಸುಳಿಯುವುದಿಲ್ಲವಂತೆ. "ತ್ವಾಳಕ್ಕೆ ವಾರ್ತೆ ಅಂದ್ರೆ ಆಗಾಕಿಲ್ಲ ರೀ. ನಮಗೇ ಆಗಾಕಿಲ್ಲ, ಇನ್ನು ಅದಕ್ಕೆ ಆಗ್ತೈತಾ?" ಎಂದು ನಗುತ್ತಿದ್ದರು.

ಆ ದಿನ ಹೊತ್ತು ಇಳಿಯುವಾಗ ಒಂದು ಮರಿ ಕಾಣಿಸಲಿಲ್ಲ. ಹಿಂಡನ್ನೂ ನಾಯಿಯನ್ನೂ ಕರಿಬಸಪ್ಪನವರ ಹೆಂಡತಿ ಹಾಲಮ್ಮನ ಜೊತೆ ದೊಡ್ಡಿಗೆ ಕಳಿಸಿ, ನಾವಿಬ್ಬರೂ ಹುಡುಕುತ್ತ ಹಳ್ಳದ ತಗ್ಗಿಗೆ ಇಳಿದೆವು. ಪೊದೆಯೊಳಗೆ ಕೈ ಹಾಕಿದ ಕರಿಬಸಪ್ಪ "ಹಾವು ರೀ" ಎಂದವರೇ ಕುಳಿತುಬಿಟ್ಟರು. ಕೊಳಕುಮಂಡಲ. ಅದು ಸರಿದುಹೋಗುವುದನ್ನು ನಾನೂ ಕಂಡೆ.

ಕಚ್ಚಿಸಿಕೊಂಡವರು ನಡೆಯಬಾರದು ಎಂಬಷ್ಟು ನನಗೆ ಗೊತ್ತಿತ್ತು. ಹೊತ್ತುಕೊಂಡು ಹೋಗುವ ಶಕ್ತಿ ನನಗಿರಲಿಲ್ಲ. ಫೋನು ಮಧ್ಯಾಹ್ನವೇ ಆರಿಹೋಗಿತ್ತು.

"ಅಲುಗಾಡಬ್ಯಾಡ್ರಿ ಅಣ್ಣಾ. ರಸ್ತೆಗೆ ಓಡಿ ಗಾಡಿ ತರ್ತೀನಿ."

"ಈ ಪೊದೆಗಳಾಗೆ ನನ್ನ ಹೆಂಗೆ ಹುಡುಕ್ತೀರಿ? ನಾನೇ ಬರ್ತೀನಿ, ನಡೀರಿ" ಎಂದು ಅವರು ಏಳಲು ನೋಡಿದರು.

ಚೀಲದಿಂದ ರೇಡಿಯೋ ತೆಗೆದು ಅವರ ಎದೆಯ ಮೇಲಿಟ್ಟೆ. "ಇದನ್ನ ಜೋರಾಗಿ ಹಚ್ಕಂಡು ಮಲಗಿರ್ರಿ. ಶಬ್ದ ಹಿಡ್ಕಂಡು ಬರ್ತೀನಿ" ಎಂದು ಓಡಿದೆ.

ರಸ್ತೆ ಮುಟ್ಟುವಾಗ ಕತ್ತಲಾಗಿತ್ತು. ಖಾಲಿ ಬರುತ್ತಿದ್ದ ಒಂದು ಲಗೇಜ್ ಆಟೋ ನಿಂತಿತು. ಅದರ ಚಾಲಕ ರಫೀಕ್, ನಾನು ಅರ್ಧ ಹೇಳುವಷ್ಟರಲ್ಲೇ ಇಳಿದು ಜೊತೆಗೆ ಹೊರಟ. ಆದರೆ ತಗ್ಗಿಗೆ ಇಳಿದ ಮೇಲೆ ನನಗೆ ದಿಕ್ಕೇ ತಿಳಿಯಲಿಲ್ಲ. ಜಿಪಿಎಸ್ ಸತ್ತುಹೋಗಿತ್ತು. ಟಾರ್ಚಿನ ಬೆಳಕಿಗೆ ಎಲ್ಲ ಪೊದೆಗಳೂ ಒಂದೇ ಥರ ಕಂಡವು. ಕೂಗಿದೆವು, ಉತ್ತರವಿಲ್ಲ.

ರಫೀಕ್ ನನ್ನ ತೋಳು ಹಿಡಿದ. "ಅಗಾ, ಕೇಳ್ರಿ ಸಾರ್. ಯಾರೋ ಹೆಣ್ಮಗಳು ಮಾತಾಡ್ತಾಳೆ."

ಎಡಗಡೆಯಿಂದ ರೇಡಿಯೋ ಸಣ್ಣಗೆ ಕೇಳುತ್ತಿತ್ತು. ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುವುದು ಹೇಗೆಂದು ಒಬ್ಬ ಹೆಂಗಸು ನಿಧಾನವಾಗಿ ವಿವರಿಸುತ್ತಿದ್ದಳು. ಆ ದನಿಯ ಬೆನ್ನು ಹಿಡಿದು ಹೋದೆವು. ಕೊನೆಯ ಪೊದೆ ಸರಿಸಿದಾಗ ದನಿ ನಿಂತಿತು. ಕರಿಬಸಪ್ಪ ಅಲ್ಲೇ ಮಲಗಿದ್ದರು; ಕಣ್ಣು ತೆರೆದಿತ್ತು.

ಆಟೋದ ಹಿಂಭಾಗದಲ್ಲಿ ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಎಚ್ಚರ ತಪ್ಪದಿರಲಿ ಎಂದು ರೇಡಿಯೋದ ಗುಂಡಿ ತಿರುವಿದೆ. ಸದ್ದಿಲ್ಲ. ಹಿಂದಿನ ಮುಚ್ಚಳ ತೆಗೆದೆ. ಒಳಗೆ ಸೆಲ್ಲೇ ಇರಲಿಲ್ಲ.

ಆಗ ನೆನಪಾಯಿತು. ಮರಿ ಹುಡುಕಲು ಹೊರಡುವಾಗ ಟಾರ್ಚ್ ಹೊತ್ತಿರಲಿಲ್ಲ. ರೇಡಿಯೋದ ಎರಡೂ ಸೆಲ್ ತೆಗೆದು ಅದಕ್ಕೆ ಹಾಕಿದ್ದು ನಾನೇ. ಗಾಬರಿಯಲ್ಲಿ ಅದನ್ನು ಮರೆತು, ಬರಿದಾದ ರೇಡಿಯೋವನ್ನು ಅವರ ಎದೆಯ ಮೇಲಿಟ್ಟು ಓಡಿದ್ದೆ. ಆ ಸೆಲ್ಲುಗಳಿಂದಲೇ ನನ್ನ ಕೈಯ ಟಾರ್ಚ್ ಇನ್ನೂ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಕರಿಬಸಪ್ಪ ಉಳಿದುಕೊಂಡರು. ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ನಾನು ಮೊದಲು ಕೇಳಿದ್ದೇ ರೇಡಿಯೋದ ವಿಷಯ.

"ಎಲ್ಲಿ ಹಚ್ಚಿದ್ದೆ ರೀ? ತಿರುವಿದೆ, ಬರಲೇ ಇಲ್ಲ. ಇನ್ನು ಇವ್ರಿಗೆ ಸಿಗಾಕಿಲ್ಲ, ಎದ್ದು ನಡೆದೇ ಬಿಡಾನ ಅಂತ ಮಾಡಿದ್ದೆ. ಅಷ್ಟ್ರಾಗೆ ನೀವು ಬ್ಯಾರೆ ರೇಡಿಯೋ ಹಚ್ಕಂಡು ಬರೋದು ಕೇಳಿಸ್ತು. ಬಂದ್ರು ಅಂತ ಸುಮ್ನೆ ಮಲಗಿದೆ."

ನಮಗೆ ದನಿ ಕೇಳಿಸಿದ್ದು ಅವರ ಕಡೆಯಿಂದ, ಅವರಿಗೆ ನಮ್ಮ ಕಡೆಯಿಂದ. ನಾನು ಬಹಳ ಯೋಚಿಸಿದ್ದೇನೆ. ಚೀಲದಲ್ಲಿ ಇನ್ನೊಂದು ಜೊತೆ ಸೆಲ್ ಇತ್ತೇ? ಅವು ಎಲ್ಲೋ ಬಿದ್ದುಹೋದವೇ? ಸೆಲ್ ಬದಲಿಸಿದ್ದು ಆ ದಿನವೋ, ಹಿಂದಿನ ದಿನವೋ? ರಫೀಕ್ ಈಗ ಹೊನ್ನಾಳಿಯಲ್ಲಿದ್ದಾನೆ. ಹೆಂಗಸಿನ ದನಿ ಕೇಳಿದ್ದು ನಿಜವೆನ್ನುತ್ತಾನೆ. ಏನು ಹೇಳುತ್ತಿದ್ದಳೆಂದು ಅವನಿಗೆ ನೆನಪಿಲ್ಲ. ಯಾವ ವಿವರಣೆಯೂ ನನಗೆ ಪೂರ್ತಿ ಹೊಂದುವುದಿಲ್ಲ. ಯಾರಿಗೆಂದು ತಿಳಿಯದೆಯೇ ಕೃತಜ್ಞನಾಗಿರುವುದನ್ನು ಮಾತ್ರ ಕಲಿತಿದ್ದೇನೆ.

ರೇಡಿಯೋವನ್ನು ಕರಿಬಸಪ್ಪನವರಿಗೇ ಕೊಟ್ಟೆ. ಈಗಲೂ ಅದು ದೊಡ್ಡಿಯ ಗೂಟದಲ್ಲಿ ಸಂಜೆಯೆಲ್ಲಾ ಮಾತಾಡುತ್ತದೆ. ನಾನು ಹೋದಾಗಲೆಲ್ಲ ಅವರು ಅದನ್ನು ಇಳಿಸಿ ಕೈಗೆ ಕೊಟ್ಟು ಕೆಣಕುತ್ತಾರೆ: "ಸೆಲ್ ಐತೋ ಇಲ್ಲೋ ನೋಡ್ರಿ, ನೀವು ಓದಿದೋರು."

ಮುಚ್ಚಳದ ಮೇಲೆ ಹೆಬ್ಬೆರಳು ಇಡುತ್ತೇನೆ. ಒಳಗಿನ ಹೆಂಗಸೋ ಗಂಡಸೋ ಮಾತಾಡುತ್ತಲೇ ಇರುತ್ತಾರೆ. ಇವತ್ತಿನವರೆಗೂ ತೆಗೆದು ನೋಡಿಲ್ಲ. ಹಾಗೆಯೇ ಗೂಟಕ್ಕೆ ನೇತುಹಾಕಿ ಬರುತ್ತೇನೆ.