ಡೈರಿ ಸಾಲಲ್ಲಿ ಅವ್ವನ ಫೋನು

ಬಲಗಿವಿ ಸೋರೋಕೆ ಶುರುವಾದಾಗ ನಮ್ಮತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಸ್ವಲ್ಪ ದಿನಕ್ಕೆ ನೋವು ನಿಂತಿತು, ಅದರ ಜೊತೆಗೇ ಸದ್ದೂ ನಿಂತುಹೋಯಿತು. ಎಡಗಿವಿ ನನಗೆ ಚಿಕ್ಕಂದಿನಿಂದಲೂ ಮಂದ, ಓಲೆ ಹಾಕೋಕೆ ಬಿಟ್ಟರೆ ಬೇರೆ ಉಪಯೋಗ ಇರಲಿಲ್ಲ. ಸಂಸಾರ ಮಾಡಿದ್ದೆಲ್ಲ ಬಲಗಿವಿಯಲ್ಲೇ.

ಹುಣಸೂರಿನ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿ ತಮಟೆ ತೂತಾಗಿದೆ, ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿ, ತಡ ಮಾಡಿದರೆ ಉಳಿದಿರೋದೂ ಹೋಗುತ್ತೆ ಅಂತ ಕೂಗಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ನನ್ನನ್ನು ನೋಡಿ ಅಯ್ಯೋ ಪಾಪ ಅಂದರು.

ಮನೆಗೆ ಬಂದರೆ ಅತ್ತೆ ಕೆರಳಿದರು. "ಕಿವಿಗೆ ಕತ್ತಿ ಆಕುಸ್ತಾರೇನಮ್ಮಿ ಯಾರಾದ್ರೂ? ನಮ್ ಚಿಕ್ಕವ್ವಂಗೆ ಇಂಗೇ ಕುಯ್ಸಿ ಬಾಯಿ ಸೊಟ್ಟಗಾಯ್ತು. ಎಣ್ಣೆ ಬುಡ್ತೀನಿ, ಸುಮ್ನಿರು." ಅತ್ತೆಯ ಗಂಟಲು ಎಡಗಿವಿಗೂ ಕೇಳುವಂಥದ್ದು. ಗಂಡ ಹೊಗೆಸೊಪ್ಪು ಒಣಗಿಸೋ ಬ್ಯಾರನ್‌ಗೆ ಸೌದೆ ತಳ್ಳುತ್ತಿದ್ದ, ಅವನನ್ನು ಕೇಳಿದೆ. ತಲೆ ಎತ್ತದೆ "ಅವ್ವನ್ನ ಕೇಳು" ಅಂತ ಕೂಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಕಿವಿ ನಂದು, ಕಟ್ಟಿಕೊಂಡವನು ಇವನು, ಅಪ್ಪಣೆ ಮಾತ್ರ ಅವರದ್ದು!

ದಿನಾ ಬೆಳಿಗ್ಗೆ ನಾನು ಡೈರಿಯಲ್ಲಿ ಹಾಲು ಹಾಕೋಕೆ ನಿಂತಿರುವಾಗ ಪಿರಿಯಾಪಟ್ಟಣದ ಕಡೆಯ ತವರಿನಿಂದ ನಮ್ಮವ್ವ ಫೋನು ಮಾಡೋಳು. ಈಗ ಸ್ಪೀಕರ್ ಹಾಕಿ ಎಡಗಿವಿಗೆ ಒತ್ತಿಕೊಂಡರೆ ಮಾತ್ರ ಅಷ್ಟೋ ಇಷ್ಟೋ ಕೇಳುತ್ತಿತ್ತು. ನನಗೆ ಅಷ್ಟೋ ಇಷ್ಟೋ, ಸಾಲಿನಲ್ಲಿದ್ದ ಹೆಂಗಸರಿಗೆ ಪೂರ್ತಿ. ಅಪ್ಪನಿಗೆ ಹೊಟ್ಟೆ ಕಟ್ಟಿಕೊಂಡಿದೆ ಅಂತ ಅವ್ವ ಹೇಳಿದ ದಿನ ಹಾಲಿನ ಕ್ಯಾನು ಕೆಳಗಿಟ್ಟು ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿದರು. ಮಾರನೇ ದಿನ ಫೋನು ಬರುತ್ತಲೇ ಸಾಲಿಗೆ ಸಾಲೇ "ಆಯ್ತಂತಾ?" ಅಂತ ನನ್ನ ಮೇಲೆ ಬಿತ್ತು. ಹಾಲಿಗೆ ಫ್ಯಾಟ್ ಎಷ್ಟು ಬಂತು ಅಂತ ಕಾವಲು ಕಾಯೋಕೆ ಬರುತ್ತಿದ್ದ ನಮ್ಮತ್ತೆಯೂ ಮುಂದೆ ಬಗ್ಗಿ ನಿಂತಿದ್ದರು.

ಅವ್ವ ನನ್ನ ನೋಡೋಕೆ ಬಂದಾಗ ಹಿತ್ತಲಿಗೆ ಎಳೆದುಕೊಂಡು ಹೋಗಿ ಇದನ್ನೆಲ್ಲ ಹೇಳಿದೆ. ಆಪರೇಷನ್‌ಗೆ ಅತ್ತೆ ಅಡ್ಡ ನಿಂತಿರೋದನ್ನೂ ಹೇಳಿ ಅತ್ತುಬಿಟ್ಟೆ. ಅವ್ವ ನನ್ನ ಎಡಗಿವಿಗೆ ಬಾಯಿಟ್ಟು ಕೇಳಿದಳು: "ಫೋನಾಗೆ ನಾನಾಡೋದು ನಿಮ್ಮತ್ತೆಗೂ ಕೇಳ್ತದಾ?"

ಊಂ ಅಂದೆ.

"ಅಂಗಾದ್ರೆ ಬುಡು ಮಗ, ನಾನ್ ನೋಡ್ಕತೀನಿ."

ಮಾರನೇ ಬೆಳಿಗ್ಗೆಯಿಂದ ಶುರುವಾಯಿತು ನೋಡಿ. "ಮಗ, ನಿಮ್ಮತ್ತೆನ ದೇವ್ರು ಚೆನ್ನಾಗಿಟ್ಟಿರ್ಲಿ. ಸೊಸೆ ಕಿವಿನ ಮೈಸೂರ್ಗೆ ಕರ್ಕೊಂಡೋಗಿ ಸರಿ ಮಾಡುಸ್ತಾರೆ ಅಂತ ನಮ್ ಬೀದಿಗೆಲ್ಲ ಹೇಳ್ಬುಟ್ಟಿವ್ನಿ. ಇಂಥಾ ಅತ್ತೆ ಯಾರಿಗ್ ಸಿಕ್ತಾರೆ!" ನಾನು ಮುಖ ಗಂಟಿಕ್ಕಿಕೊಂಡು, ಏನೂ ಸರಿಯಾಗಿ ಕೇಳದವಳಂತೆ "ಆ? ಏನು? ಇನ್ನೊಂದ್ಸಲ ಹೇಳವ್ವ" ಅಂದೆ. ಅವ್ವ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದಳು. ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿ ಯಾವಾಗ ಹೊರಟಿರಿ ಅಂತ ಕೇಳಿದರು. ಅತ್ತೆ ಕ್ಯಾನಿನ ಮುಚ್ಚಳವನ್ನು ಸುಮ್ಮನೆ ಬಿಗಿ ಮಾಡುತ್ತಿದ್ದರು.

ಹೀಗೇ ಹೊಗಳಿಕೆ ದಿನಾ ನಡೆಯಿತು. ಒಂದು ದಿನ ಡೈರಿ ಸೆಕ್ರೆಟರಿಯೂ ಫ್ಯಾಟ್ ನೋಡೋ ಮಿಷಿನ್ನಿನ ಹಿಂದಿನಿಂದ ತಲೆ ಹಾಕಿ "ಎಲ್ಲಾರ್ಗೂ ನಿಮ್ಮಂಗೆ ಮನಸು ಬರಾಕಿಲ್ಲ ಕಣಮ್ಮ" ಅಂದ. ಅವತ್ತು ಮುದ್ದೆ ಉಣ್ಣುವಾಗ ಅತ್ತೆ ಮಗನನ್ನು ಹಿಡಿದುಕೊಂಡರು. "ಏನ್ಲಾ, ಎಂಡ್ತಿ ಕಿವಿ ಕಡೆ ಗ್ಯಾನ ಐತಾ ನಿಂಗೆ? ಸೊಪ್ಪು ಸೊಪ್ಪು ಅಂತ ಸಾಯ್ತೀಯಲ್ಲ! ನಾಳೀಕೇ ಮೈಸೂರ್ಗೆ ಒರಡು." ಗಂಡ ತುತ್ತು ನುಂಗೋದನ್ನೇ ಮರೆತ. ನಾನು ಸಾರಿನ ತಟ್ಟೆಯ ಮೇಲೆ ಬಗ್ಗಿ ನಗು ತಡೆದುಕೊಂಡೆ.

ಮೈಸೂರಿನಲ್ಲಿ ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಅತ್ತೆಯ ಮುಖ ನನ್ನ ಮುಖದ ಮೇಲೇ ಇತ್ತು. "ನಗಮ್ಮಿ, ನಗು ಒಸಿ" ಅನ್ನುತ್ತಿದ್ದರು. ನಕ್ಕೆ. ಬಾಯಿ ನೆಟ್ಟಗಿದೆಯಾ ಅಂತ ಈ ಕಡೆಯಿಂದ, ಆ ಕಡೆಯಿಂದ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಇಷ್ಟು ಹೆದರಿಕೊಂಡಿದ್ದರಾ ಅಂದುಕೊಂಡು ಇನ್ನೊಂದು ಸಲ ನಕ್ಕು ತೋರಿಸಿದೆ.

ಕಿವಿಯ ಹತ್ತಿ ತೆಗೆದು, ಸುಮಾರು ದಿನ ಕಳೆದು, ಸದ್ದು ಒಂದೊಂದಾಗಿ ವಾಪಸ್ಸು ಬಂತು. ಮತ್ತೆ ಡೈರಿಗೆ ಹೋದ ಮೊದಲ ಬೆಳಿಗ್ಗೆಯೇ ಅವ್ವನ ಫೋನು. ಬಲಗಿವಿಗೆ ಠೀವಿಯಿಂದ ಹಿಡಿದುಕೊಂಡೆ. ಸಾಲಿನಲ್ಲಿ ಗಲಾಟೆಯೆದ್ದಿತು, "ಇದೇನಮ್ಮಿ ಅನ್ಯಾಯ, ಸ್ಪೀಕರ್ ಆಕು!" ನಾನು ಬೇಡ ಅನ್ನುವಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡು ತಾವೇ ಒತ್ತಿದರು.

"ಮಗ, ಕಿವಿ ಸರೋಯ್ತಲ್ಲ, ಇನ್ ಸ್ಪೀಕರ್ ಆಕಾಕಿಲ್ವಲ್ಲ? ಸದ್ಯ! ಆ ಮೊಂಡ ಎಂಗ್ಸನ್ನ ಒಗ್ಳಿ ಒಗ್ಳಿ ನನ್ ನಾಲ್ಗೆ ಬಿದ್ದೋಯ್ತು ಕಣ."

ಸಾಲಿನವರೆಲ್ಲ ಅತ್ತೆಯ ಮುಖ ನೋಡಿದರು. ಹೊಸದಾಗಿ ಬಂದ ಕಿವಿ ಅಲ್ಲೇ ಮತ್ತೆ ಮುಚ್ಚಿಕೊಳ್ಳಬಾರದೇ ಅನ್ನಿಸಿತು. ಅತ್ತೆ ಫೋನನ್ನು ಬಾಯಿಯ ಹತ್ತಿರ ತಂದರು.

"ಬಿದ್ರೆ ಬೀಳ್ಲಿ ಬುಡು ಬೀಗ್ತಿ. ಇವ್ಳ ಎಡಗಿವಿ ಇನ್ನೂ ಬಾಕಿ ಐತೆ. ನಾಳಿಂದ ಮತ್ತೆ ಒಗಳಾಕ್ ಸುರು ಮಾಡು."